ಹನಿಗೂಡಿದರೆ ವಿದ್ಯುನ್ಮಂಡಲ!

ಮಕ್ಕಳೇ, ಇಂಕ್‌ಜೆಟ್ ಪ್ರಿಂಟರನ್ನು ನೀವು ನೋಡಿರಬಹುದು. ಅದು ಅತಿ ಸಣ್ಣ ಶಾಯಿಯ ಹನಿಗಳನ್ನು ಕಾಗದದ ಮೇಲೆ ಚಿಮ್ಮಿ ಅಕ್ಷರ ಮೂಡಿಸುತ್ತದೆ. ಶಾಯಿಯ ಬದಲು ಬೆಳ್ಳಿಯ ಸೂಕ್ಷ್ಮ ಕಣಗಳಿರುವ ದ್ರವವನ್ನು ಚಿಮ್ಮಿದರೆ ಏನಾಗುತ್ತದೆ? ಆ ಗೆರೆಯನ್ನು ಒಣಗಿಸಿ ಬಿಸಿ ಮಾಡಿದಾಗ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಗೆರೆಯು ವಿದ್ಯುತ್ ವಾಹಕವಾಗುತ್ತದೆ! ವಿಶೇಷ ಪ್ರಿಂಟರುಗಳಿಂದ ಹೀಗೆ ವಿದ್ಯುನ್ಮಂಡಲ ತಯಾರಿಸುವುದೇ ಮುದ್ರಿತ ಎಲೆಕ್ಟ್ರಾನಿಕ್ಸ್.

ಏಕೆ ಮುದ್ರಿಸಬೇಕು?

ಹಳೆಯ ರೇಡಿಯೋದೊಳಗೆ ತಾಮ್ರದ ಗೆರೆಗಳಿರುವ ಹಲಗೆ ಇರುತ್ತದೆ. ಇದಕ್ಕಾಗಿ ಹಲಗೆಯ ತುಂಬ ತಾಮ್ರದ ತೆಳು ಹಾಳೆ ಅಂಟಿಸಿ, ಬೇಡವಾದ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆಯುತ್ತಾರೆ. ಇಂಕ್‌ಜೆಟ್ ಮುದ್ರಣದಲ್ಲಾದರೋ ಬೇಕಾದ ಕಡೆ ಮಾತ್ರ ಲೋಹ ಬೀಳುತ್ತದೆ. ಬಾಗುವ ಪ್ಲಾಸ್ಟಿಕ್ ಹಾಳೆಯ ಮೇಲೂ ಮುದ್ರಿಸಬಹುದು.

ಆದರೆ ಒಂದು ತೊಡಕಿದೆ. ಅಕ್ಷರದಲ್ಲಿ ಒಂದು ಹನಿ ತಪ್ಪಿದರೂ ನಾವು ಓದಬಲ್ಲೆವು. ವಿದ್ಯುತ್ ಹರಿಯುವ ಗೆರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಪ್ರವಾಹ ನಿಂತುಹೋಗುತ್ತದೆ. ಗೆರೆ ಹರಡಿ ಪಕ್ಕದ ಗೆರೆಗೆ ತಾಗಿದರೆ ಶಾರ್ಟ್ ಸರ್ಕಿಟ್ ಆಗುತ್ತದೆ. ಆದ್ದರಿಂದ ಪ್ರತಿ ಹನಿಯೂ ತನ್ನ ಜಾಗದಲ್ಲೇ ಬೀಳಬೇಕು.

ಗುರಿ ಎಷ್ಟು ಸೂಕ್ಷ್ಮ?

ಒಂದು ಹನಿಯ ಗಾತ್ರ 10 ಪಿಕೋಲೀಟರ್ ಎಂದುಕೊಳ್ಳಿ. 1 ಮಿಲಿಲೀಟರ್ ದ್ರವದಿಂದ ಇಂತಹ 10 ಕೋಟಿ ಹನಿಗಳಾಗುತ್ತವೆ! ಒಂದು ಹನಿಯ ವ್ಯಾಸ ಸುಮಾರು 27 ಮೈಕ್ರೋಮೀಟರ್. 1 ಮಿಲಿಮೀಟರನ್ನು 1000 ಭಾಗ ಮಾಡಿದರೆ ಒಂದು ಭಾಗವೇ 1 ಮೈಕ್ರೋಮೀಟರ್.

ಹನಿ ಚಿಮ್ಮುವ ರಂಧ್ರವು ಹಾಳೆಯಿಂದ 1 ಮಿಲಿಮೀಟರ್ ಮೇಲಿದೆ ಎನ್ನೋಣ. ಹನಿ ಕೇವಲ 1 ಡಿಗ್ರಿ ಓರೆಯಾದರೂ ಗುರಿಯಿಂದ ಸುಮಾರು 17 ಮೈಕ್ರೋಮೀಟರ್ ಆಚೆ ಬೀಳುತ್ತದೆ. ಅಂದರೆ ತನ್ನ ವ್ಯಾಸದ ಅರ್ಧಕ್ಕಿಂತಲೂ ಹೆಚ್ಚು! ರಂಧ್ರದ ಅಂಚಿನಲ್ಲಿ ಒಣಗಿದ ಶಾಯಿ ಅಂಟಿದ್ದರೂ ಹನಿ ಓರೆಯಾಗಬಹುದು. ಆದ್ದರಿಂದ ರಂಧ್ರವನ್ನು ಆಗಾಗ ಶುಚಿಗೊಳಿಸುತ್ತಾರೆ, ಹಾಳೆಗೆ ಆದಷ್ಟು ಹತ್ತಿರ ಇಡುತ್ತಾರೆ.

ಅಂತರ ಎಷ್ಟಿರಬೇಕು?

ಹನಿಗಳು ದೂರ ದೂರ ಬಿದ್ದರೆ ರಂಗೋಲಿಯ ಚುಕ್ಕಿಗಳಂತೆ ಬಿಡಿಬಿಡಿಯಾಗಿ ಉಳಿಯುತ್ತವೆ. ತುಸು ಹತ್ತಿರ ಬಿದ್ದರೆ ಕೂಡಿಕೊಳ್ಳುತ್ತವೆ, ಆದರೆ ಗೆರೆಯ ಅಂಚು ಮಣಿಸರದಂತೆ ಕಾಣುತ್ತದೆ. ಇನ್ನಷ್ಟು ಹತ್ತಿರವಾದರೆ ನೇರವಾದ ಗೆರೆ ಮೂಡುತ್ತದೆ. ತೀರಾ ಹತ್ತಿರವಾದರೆ ದ್ರವ ಹೆಚ್ಚಾಗಿ ಗೆರೆ ಅಲ್ಲಲ್ಲಿ ಉಬ್ಬುತ್ತದೆ. ಅಮೆರಿಕದ ಬರ್ಕ್ಲಿಯಲ್ಲಿ ಡೇನಿಯಲ್ ಸಾಲ್ಟ್‌ಮನ್ ಮತ್ತು ವಿವೇಕ್ ಸುಬ್ರಮಣಿಯನ್ 2008ರಲ್ಲಿ ಇದನ್ನು ವಿವರಿಸಿದರು.

ಕಾಫಿ ಕಲೆಯ ಪಾಠ

ಹನಿ ಸರಿಯಾಗಿ ಬಿದ್ದರೆ ಸಾಲದು, ಸರಿಯಾಗಿ ಒಣಗಲೂಬೇಕು. ಚೆಲ್ಲಿದ ಕಾಫಿ ಒಣಗಿದಾಗ ಕಲೆಯ ಅಂಚು ಏಕೆ ಕಪ್ಪಾಗಿರುತ್ತದೆ? ಷಿಕಾಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳು 1997ರಲ್ಲಿ ಕಾರಣ ತಿಳಿಸಿದರು. ಹನಿಯ ಅಂಚು ಕೆಳಗಿನ ಮೇಲ್ಮೈಗೆ ಕಚ್ಚಿಕೊಂಡಿರುತ್ತದೆ. ಅಂಚಿನ ನೀರು ಬೇಗ ಆವಿಯಾಗುತ್ತದೆ. ಆ ಕೊರತೆ ತುಂಬಲು ನಡುವಿನ ನೀರು ಅಂಚಿನತ್ತ ಹರಿಯುತ್ತದೆ, ಜೊತೆಗೆ ಕಾಫಿಯ ಕಣಗಳನ್ನೂ ಒಯ್ಯುತ್ತದೆ.

ಬೆಳ್ಳಿಯ ದ್ರವದಲ್ಲೂ ಹೀಗೆಯೇ ಆಗುತ್ತದೆ. ಅಂಚಿನಲ್ಲಿ ಬೆಳ್ಳಿ ದಪ್ಪ, ನಡುವೆ ತೆಳು. ಇದಕ್ಕೆ ಪರಿಹಾರವೇನು? ಹಾಳೆಯನ್ನು ತಂಪಾಗಿಟ್ಟರೆ ಈ ತೊಂದರೆ ಕಡಿಮೆಯಾಗುತ್ತದೆ ಎಂದು ಬರ್ಕ್ಲಿಯ ಅದೇ ಪ್ರಯೋಗ ತೋರಿಸಿತು.

ಮಾಡಿ ನೋಡಿ

ಹಾಲು, ಸಕ್ಕರೆ ಬೆರೆಸದ ತಣ್ಣನೆಯ ಕಾಫಿ ಡಿಕಾಕ್ಷನ್ ತೆಗೆದುಕೊಳ್ಳಿ. ಒಂದು ತಟ್ಟೆಯ ಮೇಲೆ ಒಂದು ಹನಿಯನ್ನು ಬಿಡಿಯಾಗಿ ಇಡಿ. ಇನ್ನೊಂದು ಕಡೆ ಹನಿಗಳನ್ನು ಒಂದಕ್ಕೊಂದು ತಾಗುವಂತೆ ಸಾಲಾಗಿ ಇಡಿ. ಅಲುಗಿಸದೆ ಒಣಗಲು ಬಿಡಿ. ಎಲ್ಲಿ ಬಣ್ಣ ಗಾಢವಾಗಿದೆ? ಆ ಕಲೆ ಬೆಳ್ಳಿಯದಾಗಿದ್ದರೆ ವಿದ್ಯುತ್ ಎಲ್ಲಿ ಸುಲಭವಾಗಿ ಹರಿಯುತ್ತಿತ್ತು? ಚಿತ್ರ ಬರೆದು ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.