ಎರಡು ರೇಟಿನ ಕ್ಯಾಮೆರಾ

ಸೊಲ್ಲಾಪುರದಲ್ಲಿ ಕ್ಯಾಮೆರಾ ಕೊಳ್ಳಲು ಹೋದವರಿಗೆ ಬಹಳ ವರ್ಷ ಎದುರಾಗುತ್ತಿದ್ದ ಮೊದಲ ಪ್ರಶ್ನೆ ಮಾಡೆಲ್ಲಿನದಲ್ಲ. ‘ಬಿಲ್ ಹಾಕಿ ಬೇಕೇನ್ರಿ, ಹಂಗಽ ಬೇಕೇನ್ರಿ?’ ಮರಾಠಿಯಲ್ಲಿ ಕೇಳಲಿ, ಕನ್ನಡದಲ್ಲಿ ಕೇಳಲಿ, ದಖ್ಖನಿ ಉರ್ದುವಿನಲ್ಲಿ ಕೇಳಲಿ, ಮಾತು ಅದೇ. ಅದೇ ಕ್ಯಾಮೆರಾ, ಅದೇ ಡಬ್ಬಿ, ರೇಟು ಮಾತ್ರ ಎರಡು. ಪಕ್ಕಾ ಬಿಲ್ಲಿನದಕ್ಕೆ ಕಂಪನಿಯ ವಾರಂಟಿ. ‘ಹಂಗಽ’ ಒಯ್ದದ್ದಕ್ಕೆ ಅಂಗಡಿಯವನ ನಾಲಿಗೆಯೇ ವಾರಂಟಿ. ಅಕ್ಕಲಕೋಟೆ, ಮೈಂದರ್ಗಿ, ದುಧನಿ ಕಡೆಯಿಂದ ಗಂಟು ಕಟ್ಟಿಕೊಂಡು ಬಂದ ಸ್ಟುಡಿಯೊದ ಹುಡುಗ ಅಲ್ಲೇ ನಿಂತು ಲೆಕ್ಕ ಹಾಕಬೇಕು: ಉಳಿಯುವ ದುಡ್ಡಿನಲ್ಲಿ ಒಂದು ಫ್ಲ್ಯಾಶ್ ಬರುತ್ತದೆ, ಆದರೆ ನಾಳೆ ಬಾಡಿ ಕೈಕೊಟ್ಟರೆ?

ಈ ಎರಡು ರೇಟು ಅಂಗಡಿಯವರ ಕಿತಾಪತಿ ಎಂದು ಬೈದುಕೊಂಡವರೇ ಹೆಚ್ಚು. ಅದರ ಬೇರು ಹಿಡಿದು ಹೋದರೆ ಅಂಗಡಿಗಿಂತ ಮೊದಲು ಕಸ್ಟಮ್ಸ್ ಕಟ್ಟೆ ಸಿಗುತ್ತದೆ.

ಅಕ್ಕಲಕೋಟೆಗೂ ಕ್ಯಾಮೆರಾಕ್ಕೂ ಹಳೆಯ ನಂಟು. ವಟವೃಕ್ಷ ದೇವಸ್ಥಾನದ ಸುತ್ತಲಿನ ಅಂಗಡಿಗಳಲ್ಲಿ ಚೌಕಟ್ಟು ಹಾಕಿಸಿ ತೂಗುಬಿಟ್ಟ ಸ್ವಾಮಿ ಸಮರ್ಥರ ಚಿತ್ರಗಳಲ್ಲಿ ಬಣ್ಣ ತುಂಬಿದವೂ ಇವೆ, ಕಲಾವಿದರು ಕಲ್ಪಿಸಿ ಬರೆದವೂ ಇವೆ. ಆದರೆ ಅವರ ಮುಖ ನಮಗೆ ಗೊತ್ತಿರುವುದು ಅವರು ಬದುಕಿದ್ದಾಗಲೇ ತೆಗೆದ ಫೋಟೊಗಳಿಂದ. ಆ ಫೋಟೊ ತೆಗೆದವರು ಕೊಡ್ಯಾಕ್ ಕಂಪನಿಯವರು, ಅಷ್ಟೇ ಅಲ್ಲ, ಕೊಡ್ಯಾಕಿನ ಸ್ಥಾಪಕನೇ ಎಂದು ಭಕ್ತರು ಹೇಳುವುದುಂಟು. ಇಸವಿಗಳು ಮಾತ್ರ ಕೂಡಿಬರುವುದಿಲ್ಲ. ಸ್ವಾಮಿಗಳು ಸಮಾಧಿಯಾದದ್ದು 1878ರ ಏಪ್ರಿಲಿನಲ್ಲಿ. ಆಗ ಜಾರ್ಜ್ ಈಸ್ಟ್‌ಮನ್ ಅಮೆರಿಕದ ರಾಚೆಸ್ಟರಿನಲ್ಲಿ ಬ್ಯಾಂಕ್ ಗುಮಾಸ್ತ, ವಯಸ್ಸು 23. 5 ಡಾಲರ್ ಕೊಟ್ಟು ಫೋಟೊ ತೆಗೆಯುವ ಪಾಠ ಹೇಳಿಸಿಕೊಂಡ ಹೊಸತು. ಕೊಡ್ಯಾಕ್ ಎಂಬ ಹೆಸರು ನೋಂದಣಿಯಾದದ್ದು ಮತ್ತೆ ಹತ್ತು ವರ್ಷಕ್ಕೆ, 1888ರಲ್ಲಿ. ಭಕ್ತಿಗೆ ಇದರಿಂದ ಏನೂ ಕುಂದಿಲ್ಲ. ಆದರೆ ಈ ಕಥೆಯೊಳಗೆ ಇನ್ನೊಂದು ನಂಬಿಕೆ ಸೇರಿಕೊಂಡಿದೆ: ಕ್ಯಾಮೆರಾ ಎಂದರೆ ಪರದೇಶದ್ದು, ಮೇಲೆ ದೊಡ್ಡ ಕಂಪನಿಯ ಹೆಸರಿದ್ದರೆ ಅಸಲಿ. ಮುಂದಿನ ನೂರು ವರ್ಷ ನಮ್ಮ ಕಡೆಯ ಕ್ಯಾಮೆರಾ ವ್ಯಾಪಾರವೆಲ್ಲ ಈ ನಂಬಿಕೆಯ ಮೇಲೇ ನಡೆಯಿತು.

ಸ್ವಾತಂತ್ರ್ಯದ ನಂತರ ಪರದೇಶದ ಮಾಲಿಗೆ ಲೈಸೆನ್ಸಿನ ಬೇಲಿ ಬಿತ್ತು. ಇದ್ದ ವಿದೇಶಿ ವಿನಿಮಯ ಗಿರಣಿಯ ಯಂತ್ರಕ್ಕೆ, ಎಣ್ಣೆಗೆ, ಧಾನ್ಯಕ್ಕೆ. ಕ್ಯಾಮೆರಾ ಶೋಕಿಯ ಪಟ್ಟಿಯಲ್ಲಿ. ದೇಶದಲ್ಲೇ ತಯಾರಾಗುತ್ತಿದ್ದವುಗಳಲ್ಲಿ ಮನೆಮಂದಿಯ ಕೈಗೆ ಎಟುಕಿದ್ದು ಬಡೋದೆಯ ಅಗ್ಫಾ ಕ್ಲಿಕ್ ತ್ರೀ. ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರ, ತಿರುಗಿಸಲು ಹೆಚ್ಚೇನೂ ಇಲ್ಲ. ಊಟಿಯಲ್ಲಿ ಸರ್ಕಾರವೇ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಟ್ಟಿ 1967ರಿಂದ ‘ಇಂದು’ ಹೆಸರಿನ ಫಿಲ್ಮ್ ಹೊರತಂದಿತು. ಮನೆಯ ನೆನಪಿಗೆ ಇಷ್ಟು ಸಾಕು. ಹೊಟ್ಟೆಪಾಡಿಗೆ ಫೋಟೊ ತೆಗೆಯುವವರಿಗೆ ಸಾಲದು. ಅವರಿಗೆ ಯಾಶಿಕಾ ಬೇಕು, ನಿಕಾನ್ ಬೇಕು, ಮದುವೆಮನೆಯ ಮೂಲೆಗೂ ಬೆಳಕು ಚೆಲ್ಲುವ ಫ್ಲ್ಯಾಶ್ ಬೇಕು. ಅವು ಬರುತ್ತಿದ್ದುದು ಗಲ್ಫಿನಿಂದ ಮರಳುವವರ ಸೂಟ್‌ಕೇಸಿನಲ್ಲಿ, ಇಲ್ಲವೇ ಯಾರೂ ಕೇಳಬಾರದ ದಾರಿಯಲ್ಲಿ. ಎಂಬತ್ತರ ದಶಕದ ಕೊನೆಗೆ ಆಮದು ಸುಂಕ ಕೆಲವು ಮಾಲುಗಳ ಮೇಲೆ ನೂರಕ್ಕೆ ಮುನ್ನೂರನ್ನೂ ಮೀರಿತ್ತು. ಸುಂಕ ಕಟ್ಟಿದ ಕ್ಯಾಮೆರಾಕ್ಕೂ ಕಟ್ಟದ ಕ್ಯಾಮೆರಾಕ್ಕೂ ನಡುವಿನ ಅಂತರದಲ್ಲಿ ಒಂದು ಎಮ್ಮೆ ಕೊಳ್ಳಬಹುದಾದ ಕಾಲದಲ್ಲಿ ಯಾರು ಬಿಲ್ ಕೇಳುತ್ತಾರೆ?

ಸೊಲ್ಲಾಪುರಕ್ಕೆ ಈ ವ್ಯಾಪಾರದಲ್ಲಿ ಒಂದು ಅನುಕೂಲವಿತ್ತು, ಅದು ರೈಲು. ಮುಂಬೈ–ಮದ್ರಾಸ್ ಹಾದಿಯ ಮೇಲಿನ ಊರು ಇದು. ರಾತ್ರಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿಗೆ ಮುಂಬೈಯ ವಿ.ಟಿ., ಅಂದರೆ ಇವತ್ತಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್. ಸ್ಟೇಷನ್ನಿನಿಂದ ಹೊರಬಿದ್ದು ಫೋರ್ಟಿನ ಕಡೆ ನಡೆದರೆ ಬೋರಾ ಬಜಾರ್. ಕ್ಯಾಮೆರಾ, ಲೆನ್ಸ್, ರಿಪೇರಿ, ಹಳೆಯದು, ಹೊಸದು, ಬಿಲ್ಲಿನದು, ಬಿಲ್ಲಿಲ್ಲದ್ದು, ಎಲ್ಲ ಒಂದೇ ಓಣಿಯಲ್ಲಿ. ಟ್ಯಾಕ್ಸಿಯ ಖರ್ಚೂ ಇಲ್ಲ. ಅಕ್ಕಲಕೋಟೆಯವರು ಊರಿನಿಂದ ಆಚೆ ಇರುವ ಅಕ್ಕಲಕೋಟ ರೋಡ್ ಸ್ಟೇಷನ್ನಿಗೆ ಹೋಗುವ ಬದಲು ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಬಂದೇ ಗಾಡಿ ಹಿಡಿಯುತ್ತಿದ್ದರು. ಹಗಲು ಮಾಲು ನೋಡಿ, ರೇಟು ಜಗ್ಗಿ, ರಾತ್ರಿಯ ಗಾಡಿಗೆ ಮರಳಿದರೆ ಲಾಡ್ಜಿನ ಖರ್ಚೂ ಉಳಿಯುತ್ತದೆ. ಕಲಬುರಗಿ, ವಿಜಯಪುರದ ಸ್ಟುಡಿಯೊದವರೂ ಈ ದಾರಿ ಬಲ್ಲವರೇ. ಬರುವಾಗ ಡಬ್ಬಿ ಬಿಸಾಕಿ ಕ್ಯಾಮೆರಾವನ್ನು ಬಳಸಿದ್ದರಂತೆ ಕೊರಳಿಗೆ ಹಾಕಿಕೊಂಡು ಬರುವ ರೂಢಿಯಿತ್ತು. ಜಕಾತಿ ನಾಕಾದವರಿಗೆ ಉತ್ತರ ಹೇಳುವ ಕೆಲಸ ತಪ್ಪುತ್ತಿತ್ತು. ಇವತ್ತು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ‘ಡಬ್ಬಿ ಎಲ್ಲಿ?’ ಎಂದು ಮೊದಲು ಕೇಳುತ್ತಾರಲ್ಲ, ಆ ಕಾಲದ ಕ್ಯಾಮೆರಾಗಳಿಗೆ ಡಬ್ಬಿಯೇ ಇಲ್ಲದಿರಲು ಇದೂ ಒಂದು ಕಾರಣ.

1991ರಲ್ಲಿ ಗರಿಷ್ಠ ಸುಂಕ ನೂರಕ್ಕೆ ನೂರೈವತ್ತಕ್ಕೆ ಇಳಿಯಿತು, ಆಮೇಲೆ ಬಜೆಟ್ಟಿನಿಂದ ಬಜೆಟ್ಟಿಗೆ ಕೆಳಗೆ. ಉಳಿದ ಗ್ರಾಹಕ ವಸ್ತುಗಳ ಆಮದು ನಿರ್ಬಂಧ 2001ರ ಏಪ್ರಿಲ್ 1ಕ್ಕೆ ತೆರವಾಯಿತು. 1997ರಲ್ಲಿ ಭಾರತ ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದದ ಪಟ್ಟಿಯಲ್ಲಿ ಕಂಪ್ಯೂಟರಿನ ಜೊತೆ ಡಿಜಿಟಲ್ ಸ್ಟಿಲ್ ಕ್ಯಾಮೆರಾವೂ ಇತ್ತು. ಫಿಲ್ಮ್ ಕ್ಯಾಮೆರಾಕ್ಕೆ ಸಿಗದ ಭಾಗ್ಯ ಡಿಜಿಟಲ್ಲಿಗೆ ಸಿಕ್ಕಿತು. ಕ್ಯಾನನ್ ಇಂಡಿಯಾ 1997ರಲ್ಲಿ, ನಿಕಾನ್ ಇಂಡಿಯಾ 2007ರಲ್ಲಿ ಅಂಗಡಿ ತೆರೆದವು. ಇಷ್ಟಾದ ಮೇಲೆ ಎರಡು ರೇಟು ಸಾಯಬೇಕಿತ್ತು. ಸಾಯಲಿಲ್ಲ. ರಾಜ್ಯಕ್ಕೊಂದು ವ್ಯಾಟ್, ಊರಿಗೊಂದು ಜಕಾತಿ ಉಳಿದೇ ಇದ್ದವು. ಸಿಂಗಾಪುರ, ಹಾಂಗ್‌ಕಾಂಗ್, ದುಬೈಗಳಲ್ಲಿ ಅದೇ ಮಾಲು ಸೋವಿಯಾಗಿತ್ತು.

ಡಿಜಿಟಲ್ ಕ್ಯಾಮೆರಾ ವಿಡಿಯೊ ತೆಗೆಯತೊಡಗಿದ ಮೇಲೆ ಸುಂಕದ ಗೊಂದಲ ಮದುವೆಯ ಮಂಟಪಕ್ಕೇ ಬಂತು. 2008ರಲ್ಲಿ ನಿಕಾನ್ ಡಿ90, ಅದರ ಬೆನ್ನಿಗೇ ಕ್ಯಾನನ್ 5ಡಿ ಮಾರ್ಕ್ 2 ಬಂದವು. ಮುಂದೆ ಇಂಥ ಕ್ಯಾಮೆರಾಗಳಲ್ಲಿ ರೆಕಾರ್ಡಿಂಗ್ 29 ನಿಮಿಷ 59 ಸೆಕೆಂಡಿಗೆ ತಾನಾಗಿ ನಿಲ್ಲುವುದು ಸಾಮಾನ್ಯವಾಯಿತು. ಭಟ್ಟರ ಮಂತ್ರ ಉದ್ದವಾಗಿ, ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ನಿಂತು, ಬೀಗರ ಕೈಲಿ ಬೈಸಿಕೊಂಡ ವಿಡಿಯೊದವರು ಇಂದಿಗೂ ಅದನ್ನು ಬಿಸಿಯಾಗಿ ಬಂದ್ ಬೀಳುವ ದೋಷ ಎಂದೇ ತಿಳಿದಿದ್ದಾರೆ. ಮುಖ್ಯ ಕಾರಣ ಯುರೋಪಿನ ಸುಂಕದ ಪುಸ್ತಕ. ಅರ್ಧ ತಾಸು ಇಲ್ಲವೇ ಹೆಚ್ಚು ಹೊತ್ತು ಒಂದೇ ಸಮನೆ ಚಿತ್ರೀಕರಿಸಿದರೆ ಆಗ ಅದು ವಿಡಿಯೊ ಕ್ಯಾಮೆರಾ, ಸುಂಕ ಹೆಚ್ಚು ಬೀಳುತ್ತಿತ್ತು. ಒಂದು ಸೆಕೆಂಡ್ ಕಡಿಮೆಯಾದರೆ ಸ್ಟಿಲ್ ಕ್ಯಾಮೆರಾ. ನಮ್ಮ ಸುಂಕ ವಿನಾಯಿತಿಯ ಅಧಿಸೂಚನೆಯೂ 2012ರಲ್ಲಿ ಅಂಥದೇ ಅರ್ಧ ತಾಸಿನ ಗೆರೆ ಎಳೆದಿತ್ತು. ಆ ವರ್ಷ ದೆಹಲಿಯಲ್ಲಿ ಇಳಿದ ಕ್ಯಾಮೆರಾಗಳು ವಿನಾಯಿತಿಗೆ ಅರ್ಹವೇ ಎಂದು ಕ್ಯಾನನ್ ಮತ್ತು ಇತರ ಕಂಪನಿಗಳಿಗೆ 2014ರಲ್ಲಿ ನೋಟಿಸ್ ಹೋಗಿ, ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಏರಿತು. 2021ರ ಮಾರ್ಚ್ 9ರಂದು ತೀರ್ಪು ಕಂಪನಿಗಳ ಪರ ಬಂತು. 2024ರ ನವೆಂಬರ್ 7ರಂದು ಮರುಪರಿಶೀಲನೆಯಲ್ಲಿ ಅದೇ ನ್ಯಾಯಾಲಯ ಅದನ್ನು ತಿರುಗಿಸಿತು. ತಮಾಷೆಯೆಂದರೆ ಎರಡು ಸಲವೂ ಮುಖ್ಯ ಜಿಜ್ಞಾಸೆ ನಡೆದದ್ದು ನೋಟಿಸ್ ಕೊಡುವ ಅಧಿಕಾರ ಯಾವ ಅಧಿಕಾರಿಗೆ ಎಂಬುದರ ಮೇಲೆ.

ಎರಡು ರೇಟಿಗೆ ನಿಜವಾದ ಪೆಟ್ಟು ಬಿದ್ದದ್ದು ಜಿಎಸ್‌ಟಿಯಿಂದ, ಅದೂ ಮೊದಲ ದಿನವಲ್ಲ. 2017ರ ಜುಲೈಯಲ್ಲಿ ಡಿಜಿಟಲ್ ಕ್ಯಾಮೆರಾಕ್ಕೆ ಶೇ. 28 ಹಾಕಿದಾಗ ಬಿಲ್ಲಿಲ್ಲದ ವ್ಯಾಪಾರಕ್ಕೆ ಹೊಸ ಜೀವವೇ ಬಂದಂತಿತ್ತು. 2019ರ ಜನವರಿ 1ರಿಂದ ಅದು ಶೇ. 18ಕ್ಕೆ ಇಳಿಯಿತು. 50,000 ರೂಪಾಯಿ ಮೂಲಬೆಲೆಯ ಕ್ಯಾಮೆರಾ 64,000ದಿಂದ 59,000ಕ್ಕೆ ಬಂತು. ಸೊಲ್ಲಾಪುರಕ್ಕೂ ಇಂಡಿಗೂ ಆಳಂದಕ್ಕೂ ಈಗ ತೆರಿಗೆ ಒಂದೇ, ಗಡಿ ದಾಟಿ ಗಿಟ್ಟಿಸುವುದೇನೂ ಇಲ್ಲ. ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದು. ಜಿಎಸ್‌ಟಿ ನೋಂದಣಿ ಇರುವ ಸ್ಟುಡಿಯೊ ಪಕ್ಕಾ ಬಿಲ್ಲಿಗೆ ತನ್ನ ನಂಬರ್ ಹಾಕಿಸಿಕೊಂಡರೆ ಆ 9,000 ರೂಪಾಯಿಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಅಂಥವರಿಗೆ ಬಿಲ್ಲಿಲ್ಲದ ಮಾಲೇ ದುಬಾರಿ. ಹಳ್ಳಿಯ ಸಣ್ಣ ಸ್ಟುಡಿಯೊಗಳು ವರ್ಷಕ್ಕೆ 20 ಲಕ್ಷದ ವಹಿವಾಟು ಮುಟ್ಟುವುದಿಲ್ಲ, ನೋಂದಣಿಯೂ ಇರುವುದಿಲ್ಲ. ‘ಹಂಗಽ ಕೊಡ್ರಿ’ ಎನ್ನುವ ಗಿರಾಕಿಗಳು ಇನ್ನೂ ಉಳಿದಿರುವುದು ಅಲ್ಲೇ.

ಹಾಗಾದರೆ ಮೋಸ ಮುಗಿಯಿತೇ? ಬಾಡಿಯಿಂದ ಇಳಿದು ಬ್ಯಾಟರಿ, ಚಾರ್ಜರ್, ಮೆಮೊರಿ ಕಾರ್ಡಿಗೆ ಬಂತು, ಅಷ್ಟೇ. ಹಿಂದೆ ‘ನಂಬರ್ ದೋ’ ಮಾಲು ಎಂದರೆ ಸುಂಕ ತಪ್ಪಿಸಿದ ಅಸಲಿ ಮಾಲು, ಕ್ಯಾಮೆರಾ ಕ್ಯಾಮೆರಾವೇ ಆಗಿರುತ್ತಿತ್ತು. ಈಗಿನದು ಒಳಗೇ ಖೊಟ್ಟಿ.

ಮೆಮೊರಿ ಕಾರ್ಡಿನ ಮೋಸವನ್ನು ಒಮ್ಮೆ ಬಿಚ್ಚಿ ನೋಡಬೇಕು. ಉಗುರಿನಗಲದ ಆ ಕಾರ್ಡಿನೊಳಗೆ ಚಿತ್ರ ಹಿಡಿದಿಡುವ ಭಾಗ ಒಂದು, ಎಷ್ಟು ಜಾಗವಿದೆ ಎಂದು ಕ್ಯಾಮೆರಾಕ್ಕೆ ಲೆಕ್ಕ ಒಪ್ಪಿಸುವ ಕಂಟ್ರೋಲರ್ ಒಂದು. ಖೊಟ್ಟಿ ಕಾರ್ಡಿನಲ್ಲಿ ಈ ಎರಡನೆಯದಕ್ಕೆ ಸುಳ್ಳು ಕಲಿಸಿರುತ್ತಾರೆ. ಒಳಗಿರುವುದು 8 ಜಿಬಿ, ಹೇಳುವುದು 64 ಜಿಬಿ. ಮೊದಲ 8 ಜಿಬಿವರೆಗೆ ಎಲ್ಲ ಸರಿ. ಆಮೇಲೂ ಕ್ಯಾಮೆರಾ ನಿಲ್ಲುವುದಿಲ್ಲ, ಕೆಂಪು ದೀಪ ಮಿನುಗುತ್ತದೆ, ಫೋಟೊಗಳ ಸಂಖ್ಯೆಯೂ ಏರುತ್ತದೆ. ಹೊಸ ಚಿತ್ರಗಳು ಹಳೆಯವುಗಳ ಮೇಲೆ ಕೂರುತ್ತ ಹೋಗುತ್ತವೆ ಅಥವಾ ಎಲ್ಲಿಯೂ ಉಳಿಯುವುದಿಲ್ಲ. ಗೊತ್ತಾಗುವುದು ರಾತ್ರಿ ಕಂಪ್ಯೂಟರಿಗೆ ಹಾಕಿದಾಗ. ಹೆಸರು ಕಾಣುತ್ತದೆ, ತೆರೆದರೆ ಅರ್ಧ ಮುಖ, ಅರ್ಧ ಬೂದಿಬಣ್ಣ. ಇದಕ್ಕೆ ಮದ್ದು ಪುಕ್ಕಟೆ ಸಿಗುತ್ತದೆ. ಎಚ್2ಟೆಸ್ಟ್‌ಡಬ್ಲ್ಯು, ಎಫ್3 ಎಂಬ ಪ್ರೋಗ್ರಾಮುಗಳು ಕಾರ್ಡನ್ನು ಅಂಚಿನತನಕ ತುಂಬಿಸಿ, ತುಂಬಿದ್ದನ್ನು ಮರಳಿ ಓದಿ ತಾಳೆ ನೋಡುತ್ತವೆ. ದೊಡ್ಡ ಕಾರ್ಡಿಗೆ ಒಂದೆರಡು ತಾಸು ಹಿಡಿದೀತು. ಹೊಸ ಕಾರ್ಡನ್ನು ಈ ಪರೀಕ್ಷೆ ಮಾಡದೆ ಮದುವೆಗೆ ಒಯ್ಯುವುದು ನನ್ನ ಮಟ್ಟಿಗೆ ಹುಚ್ಚು ಧೈರ್ಯ.

ಬ್ಯಾಟರಿಯಲ್ಲಿ ಒಂದು ಭೇದ ತಿಳಿದಿರಬೇಕು. ಬೇರೆ ಕಂಪನಿ ತನ್ನದೇ ಹೆಸರಿನಲ್ಲಿ ಮಾರುವ ಸೋವಿ ಬ್ಯಾಟರಿ ಖೊಟ್ಟಿಯಲ್ಲ. ಬಾಳಿಕೆ ಕಡಿಮೆ ಇರಬಹುದು, ಸುಳ್ಳು ಹೇಳುವುದಿಲ್ಲ. ಕ್ಯಾನನ್, ನಿಕಾನ್ ಎಂದು ಸುಳ್ಳು ಹೆಸರು ಮೆತ್ತಿಕೊಂಡು, ಹೊಳೆಯುವ ಸ್ಟಿಕ್ಕರೂ ಹಚ್ಚಿಕೊಂಡು ಬರುವುದೇ ಅಪಾಯದ್ದು. ಭಾರತದಲ್ಲಿ ಮಾರುವ ಲಿಥಿಯಂ ಬ್ಯಾಟರಿಯ ಮೇಲೆ ಐಎಸ್ 16046 ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಯಾರ ಹೆಸರಿನದು ಎಂದು ತೋರಿಸುತ್ತದೆ. ಆಮದು ಮಾಲಿನ ಡಬ್ಬಿಯ ಮೇಲೆ ಆಮದುದಾರರ ಹೆಸರು, ವಿಳಾಸ, ತಿಂಗಳು, ಇಸವಿ, ಎಂಆರ್‌ಪಿ, ದೂರಿನ ಫೋನ್ ನಂಬರ್ ಇರಬೇಕೆಂದು ಕಾನೂನೇ ಇದೆ. ಡಬ್ಬಿಯ ಹಿಂಬದಿ ಓದುವವರು ಕಡಿಮೆ, ಅದೇ ಸಮಸ್ಯೆ. ಸೊಲ್ಲಾಪುರದ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ಖೊಟ್ಟಿ ಬ್ಯಾಟರಿ ಕ್ಯಾಮೆರಾದೊಳಗೇ ಉಬ್ಬಿ ಹೊರಬರದೆ ಕೂತರೆ ಬಾಡಿಯನ್ನೇ ಬಿಚ್ಚಿಸಬೇಕು.

ಸೋವಿಯೂ ಹೌದು, ಅಸಲಿಯೂ ಹೌದು ಎಂಬ ಮಾಲು ಇಲ್ಲವೆಂದಲ್ಲ. ಫ್ಲ್ಯಾಶಿಗೆ ಗೊಡಾಕ್ಸ್ ಬಂದ ಮೇಲೆ ದೊಡ್ಡ ಕಂಪನಿಯ ಫ್ಲ್ಯಾಶಿನ ದುಡ್ಡಿನಲ್ಲಿ ಎರಡೋ ಮೂರೋ ಸಿಗುತ್ತವೆ. ಲೆನ್ಸಿನಲ್ಲಾದರೆ ನನ್ನ ಮತ 50 ಎಂಎಂ ಎಫ್/1.8ಕ್ಕೆ. ಸಂಕ್ರಾಂತಿಯ ಗಡ್ಡಾ ಯಾತ್ರೆಯಲ್ಲಿ ಸಿದ್ಧೇಶ್ವರನ ಏಳು ನಂದಿಧ್ವಜಗಳು ಹೊರಟಾಗ ಕತ್ತಲಾದ ಮೇಲೆ ನಿಂತು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಕ್ಯಾಮೆರಾದ ಜೊತೆ ಬರುವ ಕಿಟ್ ಲೆನ್ಸ್ ಆ ಅಳತೆಯಲ್ಲಿ ಎಫ್/5.6ಕ್ಕೆ ಬಂದು ನಿಲ್ಲುತ್ತದೆ. ಇದು ಅದಕ್ಕಿಂತ ಸುಮಾರು ಒಂಬತ್ತು-ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಹಗಲಿನಲ್ಲಿ ಇನ್ನೊಂದು ಪೇಚು: ಬಿಳಿ ಬಾರಾಬಂದಿ ತೊಟ್ಟ ಸಾವಿರಾರು ಜನರನ್ನು ಕಂಡು ಕ್ಯಾಮೆರಾ ಬೆಳಕು ಜಾಸ್ತಿಯೆಂದು ತಪ್ಪು ತಿಳಿದು ಮುಖಗಳನ್ನು ಕಪ್ಪು ಮಾಡುತ್ತದೆ. ಅದಕ್ಕೆ ಯಾವ ಸಾಮಾನೂ ಕೊಳ್ಳಬೇಕಿಲ್ಲ, ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಏರಿಸಿದರೆ ಆಯಿತು.

ಸೆಕೆಂಡ್ ಹ್ಯಾಂಡ್ ಮಾಲಿಗೆ ಈಗ ಸುಗ್ಗಿ. 2018ರಲ್ಲಿ ಕ್ಯಾನನ್, ನಿಕಾನ್ ಎರಡೂ ಮಿರರ್‌ಲೆಸ್ಸಿನ ಹೊಸ ಸಾಲು ಹಿಡಿದ ಮೇಲೆ ದೊಡ್ಡ ಊರಿನವರು ಡಿಎಸ್‌ಎಲ್‌ಆರ್ ಮಾರಿಕೊಳ್ಳುತ್ತಿದ್ದಾರೆ. ಹೊಸಬರಿಗೆ ಅವು ಧಾರಾಳ ಸಾಕು. ಕೊಳ್ಳುವ ಮೊದಲು ಶಟರ್ ಕೌಂಟ್ ನೋಡಬೇಕು; ಒಂದು ಮದುವೆಗೆ ಎರಡು ಸಾವಿರ ಕ್ಲಿಕ್ಕಾದರೂ ಐವತ್ತು ಮದುವೆಗೆ ಲಕ್ಷ ಮುಟ್ಟುತ್ತದೆ, ಸಾಮಾನ್ಯ ಬಾಡಿಗಳ ಶಟರಿನ ಆಯುಸ್ಸು ಅಲ್ಲಿಗೇ ಆಸುಪಾಸು. ಮುಂಬೈ, ಮಂಗಳೂರಿನಿಂದ ಬಂದ ಲೆನ್ಸಾದರೆ ಟಾರ್ಚ್ ಬಿಟ್ಟು ಫಂಗಸ್ ಹುಡುಕಬೇಕು. ನಮ್ಮ ಒಣಹವೆಯಲ್ಲಿ ಅದು ಅಪರೂಪ, ಕಡಲ ದಂಡೆಯಲ್ಲಿ ಮಾಮೂಲು. ಸೊಲ್ಲಾಪುರದ್ದೇ ಆದರೆ ಝೂಮ್ ರಿಂಗಿನ ಸಂದಿಯಲ್ಲಿ ಹಳದಿ ಪುಡಿ ಇದೆಯೇ ನೋಡಿ. ಬಾಳೆ ಎಂಬಲ್ಲಿನ ಖಂಡೋಬನ ಜಾತ್ರೆಯಲ್ಲಿ ಭಂಡಾರ ಹಾರುವಾಗ ಹತ್ತಿರ ನಿಂತ ಲೆನ್ಸದು. ಡಬ್ಬಿ, ಬಾಡಿ, ಬಿಲ್ ಮೂರರ ಸೀರಿಯಲ್ ನಂಬರ್ ತಾಳೆಯಾಗದಿದ್ದರೆ ಎಷ್ಟೇ ಸೋವಿಯಾದರೂ ಬೇಡ; ಕಳವಿನ ಮಾಲಿರಬಹುದು.

ಇನ್ನು ಮೋಸ ಹೋದವರ ಮಾತು. ಮುಂಬೈಯಲ್ಲಿ ಕೊಂಡದ್ದಕ್ಕೆ ಮುಂಬೈಗೇ ಅಲೆಯಬೇಕೆಂದು ಸುಮ್ಮನಾಗುವವರು ಬಹಳ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಕ್ಕಲಕೋಟೆಯವರಿಗೆ ಸೊಲ್ಲಾಪುರದ ಜಿಲ್ಲಾ ಆಯೋಗ ಸಾಕು, ಆನ್‌ಲೈನಿನಲ್ಲಿ ಕೊಂಡಿದ್ದರೂ ಸರಿ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ‘ನಾನು ಧಂದೆಗೆ ಕೊಂಡೀನಿ, ನನಗೆಲ್ಲಿ ಗ್ರಾಹಕರ ಕಾಯ್ದೆ’ ಎನ್ನುವ ಸ್ಟುಡಿಯೊದವರಿಗೂ ದಾರಿಯಿದೆ: ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡು ತಾನೇ ಬಳಸುವ ಸಾಮಾನನ್ನು ಆ ಕಾಯ್ದೆ ವಾಣಿಜ್ಯ ಉದ್ದೇಶದ್ದೆಂದು ಎಣಿಸುವುದಿಲ್ಲ. ದೂರಿನ ಜೊತೆ ಲಗತ್ತಿಸಬೇಕಾದ ಮೊದಲ ಕಾಗದ ಮಾತ್ರ ಆ ಪಕ್ಕಾ ಬಿಲ್ಲೇ.