ನಕಲಿ ಚಾಪ್ಲಿನ್ ಪಕ್ಕದಲ್ಲಿ ನಿಂತವರು ಯಾರು?

ಕಪಾಟಿನಲ್ಲಿರುವ ಹಳೆಯ ಆಲ್ಬಮನ್ನು ಇತ್ತೀಚೆಗೆ ಬಿಡಿಸಿ ನೋಡಿದ್ದೀರಾ? ಪ್ರವಾಸಕ್ಕೋ ವಸ್ತುಪ್ರದರ್ಶನಕ್ಕೋ ಹೋದಾಗ, ಕಪ್ಪು ಟೋಪಿ, ಕೋಲು, ಪುಟ್ಟ ಮೀಸೆಯ 'ಚಾರ್ಲಿ ಚಾಪ್ಲಿನ್' ಜೊತೆ ಮನೆಮಂದಿ ತೆಗೆಸಿಕೊಂಡ ಫೋಟೋ ಅದರಲ್ಲಿರಬಹುದು. ನಿಜವಾದ ಚಾಪ್ಲಿನ್ 1977ರಲ್ಲೇ ತೀರಿಕೊಂಡರು. ಆದರೆ ಅವರ ವೇಷ ಉಳಿಯಿತು. ಗುಜರಾತಿನ ಕಛ್ ಜಿಲ್ಲೆಯ ಆದಿಪುರದಲ್ಲಿ ಅಶೋಕ್ ಅಸ್ವಾನಿ ಎಂಬವರು 1973ರಲ್ಲಿ 'ಚಾರ್ಲಿ ಸರ್ಕಲ್' ಕಟ್ಟಿದರು. ಚಾಪ್ಲಿನ್ ಹುಟ್ಟಿದ ಏಪ್ರಿಲ್ 16ರಂದು ಅಲ್ಲಿ ಮಕ್ಕಳು, ಮುದುಕರೆನ್ನದೆ ಅದೇ ವೇಷದಲ್ಲಿ ಬೀದಿಯಲ್ಲಿ ಮೆರವಣಿಗೆ ಹೊರಡುವ ರೂಢಿ ಬೆಳೆಯಿತು.

ಫೋಟೋ ತೆಗೆದ ದಿನ ಎಲ್ಲರ ಕಣ್ಣೂ ವೇಷಧಾರಿಯ ಮೇಲೆ. ಇಂದು ನೋಡಿದರೆ ಕಣ್ಣು ನಿಲ್ಲುವುದು ಪಕ್ಕದವರ ಮೇಲೆ: ಸೆರಗಿನ ಮರೆಯಲ್ಲಿ ನಗು ತಡೆಯುತ್ತಿರುವ ಅಜ್ಜಿ, ಹೆದರಿ ಅಪ್ಪನ ಕಾಲಿಗೆ ಅಂಟಿಕೊಂಡ ಮಗು. ಚಾಪ್ಲಿನ್ ವೇಷದವರು ಇನ್ನೆಲ್ಲಾದರೂ ಸಿಕ್ಕಾರು, ಆ ಅಜ್ಜಿ ಸಿಗಲಾರರು. ಅವರ ಹೆಸರು ಮೊಮ್ಮಕ್ಕಳ ಮಕ್ಕಳಿಗೆ ತಿಳಿಯುವುದು ಹೇಗೆ?

ಬಿಡುವಿದ್ದಾಗ ಹಿರಿಯರ ಬಳಿ ಆಲ್ಬಮ್ ಹಿಡಿದು ಕುಳಿತುಕೊಳ್ಳಿ. ಯಾರು, ಎಲ್ಲಿ, ಯಾವ ವರ್ಷ ಎಂದು ಕೇಳಿ, ಫೋಟೋದ ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಬರೆದಿಡಿ. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಮುಂಭಾಗದಲ್ಲಿ ಗೆರೆ ಮೂಡುತ್ತದೆ. ಮೊಬೈಲಿನಲ್ಲೂ ಒಂದು ಪ್ರತಿ ಇರಲಿ. ಹೇಳುವವರು ಇರುವಾಗಲೇ ಕೇಳಿಬಿಡಿ.