ಕಪಾಟು ಕೀಳಿಸುವ ಮುನ್ನ ಚುಚ್ಚಿ ನೋಡಿ

ಅಡುಗೆಮನೆ ಕಪಾಟಿನ ಬಣ್ಣ ಮಾಸಿತೆಂದು 'ಎಲ್ಲಾ ಕಿತ್ತು ಹೊಸದು ಹಾಕಿಸೋಣ ರೀ' ಅಂತ ಯಜಮಾನರಿಗೆ ಗಂಟುಬೀಳಬೇಡಿ. ಮೊದಲು ಸಿಂಕಿನ ಕೆಳಗಿನ ಹಲಗೆಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ನೀರು ಕುಡಿದು ಉಬ್ಬಿದ ಪಾರ್ಟಿಕಲ್ ಬೋರ್ಡ್ ಮತ್ತೆ ಸರಿಹೋಗದು. ಬಣ್ಣದ ದುಡ್ಡೂ ದಂಡ. ಅದನ್ನು ಬದಲಿಸಿ. ಬೇಲೂರಿನಂಥ ಮಳೆಯ ಊರಲ್ಲಂತೂ ಐ.ಎಸ್. 710 ಗುರುತಿನ ಪ್ಲೈವುಡ್ಡನ್ನೇ ಕೇಳಿ ಹಾಕಿಸಿ. ಪೆಟ್ಟಿಗೆ ಗಟ್ಟಿಯಿದ್ದರೆ ಬಾಗಿಲು, ಕೀಲು ಬದಲಿಸಿದರೆ ಸಾಕು.

ಅರಸೀಕೆರೆ, ಹಳೇಬೀಡಿನ ಹಳೇ ಮನೆಗಳಲ್ಲಿ ಅತ್ತೆಯವರ ಕಾಲದ ತೇಗದ್ದೋ ಹಲಸಿನದ್ದೋ ಕಪಾಟಿದ್ದರೆ, ಗೆದ್ದಲು ಹಿಡಿದಿಲ್ಲವಾದರೆ, ದಯವಿಟ್ಟು ಗುಜರಿಗೆ ಹಾಕಬೇಡಿ. ಅಂಥ ಮರ ಈಗ ಕೊಳ್ಳಹೋದರೆ ಕಣ್ಣಲ್ಲಿ ನೀರು ಬರುತ್ತೆ! ಉಪ್ಪುಕಾಗದದಲ್ಲಿ ಉಜ್ಜಿಸಿ, ಪಾಲಿಶ್ ಮಾಡಿಸಿ. ಬಡಗಿ ಬರೋ ಮುಂಚೆ ಒಗ್ಗರಣೆ ಜಿಡ್ಡನ್ನು ಸೋಪಿನ ನೀರಲ್ಲಿ ಒರೆಸಿ, ಒಣಗಿಸಿಡಿ. ಜಿಡ್ಡಿನ ಮೇಲೆ ಪಾಲಿಶ್ ನಿಲ್ಲೋದಿಲ್ಲ.